ಫಿಟ್ಸ್ ಅಲ್ಲ

ಎದುರು ಮನೆಯ ಮಂಜು ಕಟ್ಟೆಯ ಮೇಲೆ ಅಂಗಾತ ಬಿದ್ದಿದ್ದ. ಕರೆದರೆ ಓಗೊಡಲಿಲ್ಲ, ತುಟಿ ನೀಲಿಗಟ್ಟಿತ್ತು. ವಿದ್ಯಾನಗರದ ನಮ್ಮ ಬೀದಿಯವರೆಲ್ಲ ಸೇರಿ ಅದು ಫಿಟ್ಸ್ ಎಂದು ತೀರ್ಮಾನಿಸಿದೆವು. ಕಬ್ಬಿಣ ಹಿಡಿಸಿದರೆ ಇಳಿಯುತ್ತದೆಂದು ಯಾರೋ ಬೀಗದ ಕೈ ಕೊಟ್ಟರು. ನಾನೂ ಸ್ಕೂಟರಿನ ಕೀ ತೆಗೆದು ಅವನ ಅಂಗೈಗೆ ಒತ್ತಿದೆ. ಅವನು ಯಾವುದನ್ನೂ ಹಿಡಿಯಲಿಲ್ಲ.

ಅವನ ತಾಯಿ ಗಂಗಮ್ಮ ಒಳಗಿನಿಂದ ಓಡಿ ಬಂದರು. ಮಗ ಇಷ್ಟು ದಿನ ಹರಿಹರದ ಸೋದರತ್ತೆಯ ಮನೆಯಲ್ಲಿದ್ದ ಎಂದು ನಮಗೆಲ್ಲ ಹೇಳಿದ್ದವರು ಅವರೇ. ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ ಮಗನನ್ನು ಮಗ್ಗುಲಿಗೆ ಹೊರಳಿಸುತ್ತ ಹೇಳಿದರು:

"ಫಿಟ್ಸ್ ಅಲ್ರಿ, ನಶೆ ಮಾತ್ರೆ ನುಂಗ್ಯಾನೆ. ಹರಿಹರದಾಗೆ ಅತ್ತೆ ಮನ್ಯಾಗಲ್ಲ, ಚಟ ಬಿಡಿಸೋ ಕೇಂದ್ರದಾಗಿದ್ದ. ಬಿಟ್ಟ ಮ್ಯಾಲೆ ಮೊದ್ಲಿನಷ್ಟೇ ತಿಂದ್ರೆ ಮೈ ತಡೆಯಲ್ಲ ಅಂದಿದ್ರು. 108ಕ್ಕೆ ಹಿಂಗೇ ಹೇಳ್ರಿ, ಏನೂ ಮುಚ್ಚಬ್ಯಾಡ್ರಿ."

ನಾನು ಫೋನ್ ಮಾಡಿ ಹಾಗೆಯೇ ಹೇಳಿದೆ.

"ಮೆಲ್ಲಗೆ ಮಾತಾಡು ಗಂಗಮ್ಮ, ಹುಡುಗನ ಮದ್ವೆ ಮಾತು ನಡೆದೈತೆ," ಎಂದರು ಪಕ್ಕದ ಮನೆಯ ಹಿರಿಯರು.

ಮಗನ ಮೂಗಿನ ಬಳಿ ಹಿಡಿದ ಬೆರಳು ತೆಗೆಯದೆ ಗಂಗಮ್ಮ, "ಮೊದ್ಲು ಉಸಿರಾಡ್ಲಿ ತಗಳ್ರಿ, ಆಮ್ಯಾಲೆ ಮದ್ವೆ," ಎಂದರು.

ಮಂಜು ಉಳಿದ. ಆ ಸಂಬಂಧ ಉಳಿಯಲಿಲ್ಲ. ಈಗ ಅವನು ಮತ್ತೆ ಅದೇ ಕೇಂದ್ರದಲ್ಲಿದ್ದಾನೆ, ಕೇಳಿದವರಿಗೆ ಗಂಗಮ್ಮ ಹಾಗೆಂದೇ ಹೇಳುತ್ತಾರೆ. ಮೊನ್ನೆ ಹಿಂದಿನ ಬೀದಿಯ ಹೆಂಗಸೊಬ್ಬರು ಬಂದು, ತಮ್ಮ ಮಗನನ್ನೂ ಅಲ್ಲಿಗೆ ಸೇರಿಸಬೇಕು, ಯಾವ ಬಸ್ಸಿಗೆ ಹೋಗಬೇಕು ಎಂದು ಕೇಳಿದರು. ಗಂಗಮ್ಮ ಸೀರೆ ಬದಲಿಸಿಕೊಂಡು ಅವರ ಜೊತೆಗೇ ಹೊರಟರು.