ನೀಲಿ ಪೈಪಿನ ನೀರು

ಕಾರಿನ ಹಿಂದೆ ಎಳೆದೊಯ್ಯುವ ನಮ್ಮ ಕ್ಯಾರವಾನಿನಲ್ಲಿ ಒಲೆಗೂ ಕಕ್ಕಸಿಗೂ ನಡುವೆ ಇದ್ದದ್ದು ಒಂದು ತೆಳು ಪ್ಲೈವುಡ್ ಹಲಗೆ. ನಾನು ಆ ಕಡೆ ಕೂತರೆ ಈ ಕಡೆಯ ಕುಕ್ಕರ್ ಕಿವಿಯ ಪಕ್ಕದಲ್ಲೇ ಸೀಟಿ ಹೊಡೆಯುತ್ತಿತ್ತು. ನಾನು ಈ ಕಡೆ ರೊಟ್ಟಿ ಬಡಿಯುವಾಗ ಆ ಕಡೆ ನಮ್ಮ ಯಜಮಾನರಿದ್ದರೆ, ಅದನ್ನು ಬರೆಯದಿರುವುದೇ ಒಳ್ಳೆಯದು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿಲ್ಲದೆ ಉಳಿದಿದ್ದ, ಹಾಗೇ ಉಳಿಯಬೇಕಾಗಿದ್ದ ಎಷ್ಟೋ ಸದ್ದುಗಳನ್ನು ಆ ಹಲಗೆ ನನಗೆ ಪರಿಚಯ ಮಾಡಿಸಿತು.

ನಮ್ಮ ಮನೆ ಸಿಡ್ನಿಯ ರೌಸ್ ಹಿಲ್‌ನಲ್ಲಿ. ಅವರು ಧಾರವಾಡದವರು, ನಾನು ಹುಬ್ಬಳ್ಳಿಯವಳು. ಮನೆ ಕಟ್ಟಿಸುವಾಗ ರೊಟ್ಟಿ ಬಡಿಯಲು ಅನುಕೂಲವಾಗಲೆಂದು ಅಡುಗೆಕಟ್ಟೆಯ ಒಂದು ತುದಿಯನ್ನು ನಾಲ್ಕು ಅಂಗುಲ ತಗ್ಗಿಸಿಕೊಂಡಿದ್ದೆ. ಅಳತೆ ತಪ್ಪಾಗಿದೆಯೇನೋ ಎಂದು ಬಿಲ್ಡರ್ ಮೂರು ಸಲ ಫೋನ್ ಮಾಡಿ ಕೇಳಿದ್ದ. ಮನೆಯಲ್ಲಿ ನನ್ನದು ಎಂದು ತೋರಿಸಬಹುದಾದ ಜಾಗ ಅದೊಂದೇ.

ಮಗಳು ಓದಲು ಮೆಲ್ಬರ್ನ್‌ಗೆ ಹೋದ ವರ್ಷ, ಅಂದರೆ ೨೦೧೪ರಲ್ಲಿ, ಇವರಿಗೆ ಮರುಭೂಮಿಯ ಹುಚ್ಚು ಹಿಡಿಯಿತು. ನಾರ್ತ್ ಸಿಡ್ನಿಯ ಇವರ ಆಫೀಸಿನಿಂದ ನಿವೃತ್ತನಾದ ಒಬ್ಬಾತ ಪ್ರತಿ ಚಳಿಗಾಲ ಕ್ಯಾರವಾನ್ ಎಳೆದುಕೊಂಡು ಒಳನಾಡಿಗೆ ಹೋಗುತ್ತಿದ್ದನಂತೆ. ಜೂನ್, ಜುಲೈನಲ್ಲಿ ಸಿಡ್ನಿ ಒದ್ದೆಯಾಗಿ ಮುದುಡಿ ಕೂತಿರುವಾಗ ಅಲ್ಲಿ ಹಗಲೆಲ್ಲ ಹದವಾದ ಬಿಸಿಲು, ಕೆಂಪು ನೆಲ, ಕಣ್ಣು ಹಾಯುವವರೆಗೆ ಒಂದು ಗಿಡವಿಲ್ಲ. ಗಿಡವಿಲ್ಲದ್ದನ್ನು ನೋಡಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ನಾನು ಕೇಳಲಿಲ್ಲ.

"ಮೂರು ಚಳಿಗಾಲ ಹೋಗಿ ನೋಡೋಣು," ಅಂದರು. "ಮೂರನೇದ್ದು ಮುಗಿದ ಮ್ಯಾಲೆ ಈ ಮನಿ ಮಾರಿ ಕಾಯಂ ಅದರಾಗ ಇದ್ದುಬಿಡೋಣು. ನಿನಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ನು, ನಾ ಒತ್ತಾಯ ಮಾಡಂಗಿಲ್ಲ."

"ಆತು ತಗೋರಿ," ಅಂದೆ. ನಾನು ಆತು ಅಂದು ಕಾಯುವವಳು. ಆದರೆ ಆ ದಿನದಿಂದ ತಗ್ಗಿನ ಕಟ್ಟೆಯನ್ನು ಒರೆಸುವಾಗಲೆಲ್ಲ ಮೂರು ಚಳಿಗಾಲ ಎಂಬ ಮಾತು ಮನಸ್ಸಿಗೆ ಬರುತ್ತಿತ್ತು.

ಕ್ಯಾರವಾನ್ ಸಿಕ್ಕಿದ್ದು ಮೆಲ್ಬರ್ನ್‌ನ ಹೊರವಲಯದ ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ. ಆಕೆಯ ಗಂಡನಿಗೆ ಕಣ್ಣು ಮಂದವಾಗಿ ಡ್ರೈವಿಂಗ್ ನಿಂತಿತ್ತು. ಗಂಡಸರಿಬ್ಬರೂ ಹೊರಗೆ ಟಯರ್ ಒದ್ದು ನೋಡುತ್ತಿದ್ದಾಗ ಅಜ್ಜಿ ನನ್ನನ್ನು ಒಳಗೆ ಕೂರಿಸಿಕೊಂಡು ಒಂದು ಗಂಟೆ ಪಾಠ ಹೇಳಿದಳು. ಕಕ್ಕಸಿನ ಕೆಳಗೆ ಸೂಟ್‌ಕೇಸಿನಂಥ ಒಂದು ಡಬ್ಬಿ. ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಹೊರಗಿನಿಂದ ಬಾಗಿಲು ತೆಗೆದು ಎಳೆದುಕೊಂಡು, ಕ್ಯಾಂಪಿನ ಒಂದು ಮೂಲೆಯಲ್ಲಿರುವ ಡಂಪ್ ಪಾಯಿಂಟ್ ಎಂಬ ಗುಂಡಿಗೆ ಸುರಿದು, ತೊಳೆದು, ನೀಲಿ ಔಷಧ ಹಾಕಿ ಮತ್ತೆ ಸೇರಿಸಬೇಕು. ಇಬ್ಬರಿಗೆ ನಾಲ್ಕು ದಿನ ಬರುತ್ತದೆ. ಆಮೇಲೆ ಎರಡು ಪೈಪು ತೋರಿಸಿದಳು. ನೀಲಿ ಪೈಪು ಕುಡಿಯುವ ನೀರಿನ ಟ್ಯಾಂಕ್ ತುಂಬಲು. ಬೂದು ಪೈಪು ಕ್ಯಾಸೆಟ್ ತೊಳೆಯಲು. ಒಂದನ್ನು ಇನ್ನೊಂದರ ಹತ್ತಿರವೂ ಇಡಬೇಡ ಎಂದು ನನ್ನ ಮೊಣಕೈ ಹಿಡಿದು ಹೇಳಿದಳು. ನಾನು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ನಾಲ್ಕು ದಿನ ಎಂದು ಬರೆದುಕೊಂಡದ್ದೇ ತಪ್ಪಾಯಿತು. ಅಜ್ಜಿಯ ಲೆಕ್ಕ ಕಾಗದದವರದು. ನಾವು ತಂಬಿಗೆಯವರು. ಸಿಡ್ನಿಯಿಂದ ಹೊರಡುವಾಗ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟಿನ ಜೊತೆಗೆ ಹಸಿರು ಪ್ಲಾಸ್ಟಿಕ್ಕಿನ ಒಂದು ತಂಬಿಗೆಯನ್ನೂ ಕೊಂಡು ಕಕ್ಕಸಿನ ಗೂಟಕ್ಕೆ ನೇತುಹಾಕಿದ್ದೆ. ಒಂದೊಂದು ಸಲಕ್ಕೆ ಎರಡೆರಡು ತಂಬಿಗೆ ನೀರು ಆ ಸೂಟ್‌ಕೇಸಿಗೆ ಇಳಿಯುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಬ್ರೋಕನ್ ಹಿಲ್ ದಾಟಿ ಕ್ಯಾಂಪ್ ಹಾಕಿದ ಎರಡನೇ ದಿನವೇ ಕಕ್ಕಸಿನ ಪಕ್ಕದ ಕೆಂಪು ದೀಪ ಹತ್ತಿತು. ಬ್ಯಾಟರಿಯದಿರಬೇಕು ಎಂದರು ಇವರು.

ಮೂರನೇ ಬೆಳಿಗ್ಗೆ ಚಹಾಕ್ಕೆ ಇಡಲು ಎದ್ದೆ. ಕಾಲಿಗೆ ತಣ್ಣಗೆ ತಗುಲಿತು. ನೀಲಿ ಬಣ್ಣದ ನೀರು ಹಲಗೆಯ ಅಡಿಯಿಂದ ನಿಧಾನವಾಗಿ ಬಂದು, ಚಾಪೆ ನೆನೆಸಿ, ಜೋಳದ ಹಿಟ್ಟಿನ ಡಬ್ಬಿಯ ಸುತ್ತ ನಿಂತಿತ್ತು. ಬರೀ ನೀರಾಗಿರಲಿಲ್ಲ. ಔಷಧದ ಸೀ ಸೀ ವಾಸನೆ, ಅದರ ಅಡಿಯಲ್ಲಿ ಇನ್ನೊಂದು. ಇವರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಹೊರಗೋಡಿ ಬೇಲಿಯ ಹತ್ತಿರ ವಾಂತಿ ಮಾಡಿಕೊಂಡರು. ಒಳಗಿನದನ್ನು ನಾನು ಬಳಿದೆ. ಎರಡು ಟವೆಲ್, ಒಂದು ಹಳೆಯ ಸೀರೆ, ಕೊನೆಗೆ ಬರಿಗೈ. ತೊಳೆಯಲು ಬೂದು ಪೈಪು ಬಳಸಿದ್ದೆ. ಮುಗಿದ ಮೇಲೆ ಚಾಪೆ, ಹಿಟ್ಟು, ಟವೆಲ್ಲುಗಳ ಜೊತೆ ಪೈಪನ್ನೂ ಸುತ್ತಿ ಕ್ಯಾಂಪಿನ ಕಸದ ತೊಟ್ಟಿಗೆ ಹಾಕಿಬಿಟ್ಟೆ.

"ಪೈಪ್ಯಾಕ ಒಗದಿ?" ಅಂದರು.

"ಮುಟ್ಟಾಕ ಆಗವಲ್ದು. ಡಂಪ್ ಪಾಯಿಂಟಿನ್ಯಾಗ ಒಂದು ಜೋತುಬಿದ್ದೈತಲ್ಲ, ಅದರಲೆ ತೊಳೀರಿ."

ಆ ದಿನವೇ ಒಪ್ಪಂದವಾಯಿತು. ಕ್ಯಾಸೆಟ್ ಅವರ ಕೆಲಸ, ದಿನಾ ಬೆಳಿಗ್ಗೆ. ನಾನು ಆ ದಿಕ್ಕಿಗೆ ತಲೆಯೂ ಹಾಕುವುದಿಲ್ಲ, ಕೇಳುವುದೂ ಇಲ್ಲ. ಒಂದು ಮಾತು ಮಾತ್ರ ದಿನಾ ಹೇಳುತ್ತಿದ್ದೆ: "ಆ ಪೈಪ್ ಊರ ಮಂದಿ ಮುಟ್ಟಿರ್ತಾರ. ಮುಟ್ಟಿದ ಕೈಲೆ ಇಲ್ಲಿ ಏನೂ ಮುಟ್ಟಬ್ಯಾಡ್ರಿ." ಅವರು ಬಕೆಟ್ಟಿನಲ್ಲಿ ಏನೇನೋ ಇಟ್ಟುಕೊಂಡು ಕ್ಯಾಸೆಟ್ ಎಳೆಯುತ್ತ ಹೋಗುತ್ತಿದ್ದರು. ಬಂದು ಮೂರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಆಮೇಲೆ ಟ್ಯಾಂಕಿಗೆ ನೀರು ತುಂಬುತ್ತಿದ್ದರು. ನಾನು ಚಹಾ ಇಡುತ್ತಿದ್ದೆ.

ಎರಡನೇ ಚಳಿಗಾಲ ಅದೇ ಕ್ಯಾಂಪಿನಲ್ಲಿ ಆರು ವಾರ ಇದ್ದೆವು. ಅಲ್ಲಿ ಬೆಳಗಿನ ಚಳಿ ಎಂಥದೆಂದರೆ ನಾವು ಬಿಟ್ಟ ಉಸಿರೇ ಚಾವಣಿಗೆ ಕಟ್ಟಿಕೊಂಡು ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಇಬ್ಬರ ಉಸಿರಿನ ನೀರು. ಅದನ್ನು ಒರೆಸಿದ ಬಟ್ಟೆ ಒಣಗುವ ಮುಂಚೆ ಕೆಂಪು ಧೂಳು ಕೂತು ತುಕ್ಕು ಹಿಡಿದಂತಾಗುತ್ತಿತ್ತು. ಧೂಳು ಹಿಟ್ಟಿನಲ್ಲಿ, ಮೊಸರಿನ ಕೆನೆಯ ಮೇಲೆ, ಹಲ್ಲಿನ ಸಂದಿಯಲ್ಲಿ. ಬಾಯಿ ಮುಕ್ಕಳಿಸಿ ಉಗಿಯುವುದಕ್ಕೂ ಅಕ್ಕಿ ತೊಳೆಯುವುದಕ್ಕೂ ಒಂದೇ ಸಿಂಕು. ಮಧ್ಯಾಹ್ನ ಬಿಸಿಲೇರಿದರೆ ನೊಣ. ಅವು ಊಟಕ್ಕೆ ಬರುತ್ತಿರಲಿಲ್ಲ, ಕಣ್ಣಿನ ಮೂಲೆಯ ಒದ್ದೆಗೆ ಬರುತ್ತಿದ್ದವು. ಇವರಿಗೆ ಇದೆಲ್ಲ ಕಾಣುತ್ತಲೇ ಇರಲಿಲ್ಲ. ಕುರ್ಚಿ ಹಾಕಿಕೊಂಡು ಕೆಂಪು ನೆಲ ನೋಡುತ್ತ, "ಎಷ್ಟ್ ಸ್ವಚ್ಛ ಐತಿ ನೋಡು ಗಾಳಿ," ಅನ್ನುತ್ತಿದ್ದರು.

ಮಗಳು ಒಂದು ವಾರಕ್ಕೆಂದು ಮೆಲ್ಬರ್ನಿನಿಂದ ಬಂದಳು. ತಿಂಡಿ ತಿನ್ನುವಾಗ ಅಪ್ಪ ಕ್ಯಾಸೆಟ್ ಎಳೆದುಕೊಂಡು ಮುಂದೆಯೇ ಹೋದರು.

"ಓ ಮೈ ಗಾಡ್, ದಟ್ಸ್ ಸೋ ಗ್ರೋಸ್," ಎಂದು ತಟ್ಟೆ ಸರಿಸಿದಳು.

"ಎಲ್ಲಾರ ಮನ್ಯಾಗೂ ಇರೂದ ಐತಿ. ತಿನ್ನು," ಅಂದೆ.

"ಅಮ್ಮ, ಯು ಹೇಟ್ ದಿಸ್. ಜಸ್ಟ್ ಟೆಲ್ ಹಿಮ್."

ಎರಡೇ ದಿನಕ್ಕೆ ಅವಳು ಬಸ್ ಹತ್ತಿದಳು. ಹೋಗುವ ಮುಂಚೆ ಅವಳಿಗೂ ಹೊಟ್ಟೆ ಕೆಟ್ಟಿತ್ತು. ನಮಗಿಬ್ಬರಿಗಂತೂ ಎರಡೂ ವರ್ಷ ಕೆಟ್ಟಿತ್ತು. ನಾನು ಮೊಸರನ್ನು ಅನುಮಾನಿಸಿದೆ. ಮೊಸರು ಬಿಟ್ಟೆ. ಆಮೇಲೆ ಹಾಲನ್ನು ಅನುಮಾನಿಸಿದೆ. ಜೀರಿಗೆ ಕಷಾಯ ಮಾಡಿ ಲೋಟಗಟ್ಟಲೆ ಕುಡಿದೆವು. ಟ್ಯಾಂಕಿನ ನೀರಿನಲ್ಲೇ.

ಮೂರನೇ ಚಳಿಗಾಲಕ್ಕೆ ಹೊರಡುವ ಮುಂಚೆ ಇವರು ರಿಯಲ್ ಎಸ್ಟೇಟ್ ಏಜೆಂಟನಿಗೆ ಫೋನ್ ಮಾಡಿ, ನಾವು ಮರಳುವ ವಾರದ ಶನಿವಾರ ಮನೆ ನೋಡಲು ಬಾ ಎಂದು ಹೇಳಿಟ್ಟರು. "ಬ್ಯಾಡ ಅನ್ನೂದಿದ್ರ ಅಷ್ಟ್ರಾಗ ಅನ್ನು," ಎಂದು ನನಗೂ ಹೇಳಿದರು. ನ್ಯಾಯವಾಗಿಯೇ ಹೇಳಿದರು. ನನ್ನ ಹತ್ತಿರ ಬೇಡ ಎನ್ನಲು ಧೂಳು, ನೊಣ, ಸಿಂಕು ಇಷ್ಟೇ ಇದ್ದವು. ನಾಲ್ಕು ಜನರ ಮುಂದೆ ಇಡಬಹುದಾದ ಕಾರಣ ಒಂದೂ ಇರಲಿಲ್ಲ. ನನಗೆ ಹೇಸಿಗೆಯಾಗುತ್ತದೆ ಎಂಬುದು ಕಾರಣವೆಂದು ಯಾರೂ ನನಗೆ ಕಲಿಸಿರಲಿಲ್ಲ.

ಮೂರನೇ ಸಲವೂ ಅದೇ ಕ್ಯಾಂಪು. ಮರಳಲು ನಾಲ್ಕು ದಿನ ಉಳಿದಿತ್ತು. ಬೆಳಿಗ್ಗೆ ಇವರು ನೀಲಿ ಔಷಧದ ಬಾಟಲಿ ಮರೆತು ಹೋದರು. ಅದಿಲ್ಲದೆ ಕ್ಯಾಸೆಟ್ ಒಳಗೆ ತಂದರೆ ಗತಿಯೇನು ಎಂದು, ಮೂಗಿಗೆ ಸೆರಗು ಹಿಡಿದು ನಾನೇ ತೆಗೆದುಕೊಂಡು ಹೋದೆ. ಒಪ್ಪಂದವಾದ ಮೇಲೆ ಮೊದಲ ಸಲ.

ಡಂಪ್ ಪಾಯಿಂಟಿನ ಗೋಡೆಗೆ ಕ್ಯಾಂಪಿನವರ ಬೂದು ಪೈಪು ಹಾಗೇ ಜೋತುಬಿದ್ದಿತ್ತು. ಇವರು ಅದನ್ನು ಮುಟ್ಟಿರಲಿಲ್ಲ. ಪಕ್ಕದ ನಲ್ಲಿಗೆ ನಮ್ಮ ನೀಲಿ ಪೈಪು ಸಿಕ್ಕಿಸಿ, ಅದರ ತುದಿಯನ್ನು ಮೊಳದುದ್ದ ಕ್ಯಾಸೆಟ್ಟಿನ ಬಾಯೊಳಗೆ ತೂರಿಸಿ, ಗರಗರ ಆಡಿಸುತ್ತಿದ್ದರು.

ನಾನು ಬಾಟಲಿ ಕೆಳಗಿಟ್ಟೆ. "ಅದು ಯಾವ ಪೈಪ್ರೀ?"

"ನಮ್ಮದು," ಅಂದರು, ತಿರುಗಿ ನೋಡದೆ. "ಅಲ್ಲಿಂದು ಊರ ಮಂದಿ ಮುಟ್ಟಿರ್ತಾರ. ನಮ್ಮದು ಸ್ವಚ್ಛ ಐತಲ್ಲ."

"ಎಂದಿನಿಂದ ಹಿಂಗ ಮಾಡಾಕತ್ತೀರಿ?"

"ನೀ ಆ ಪೈಪ್ ಒಗದಾಗಿಂದ. ನೀನ ಹೇಳಿದ್ಯಲ್ಲ, ಅದನ್ನ ಮುಟ್ಟಬ್ಯಾಡ್ರಿ ಅಂತ."

ನಾನು ಹಾಗೆ ಹೇಳಿರಲಿಲ್ಲ. ಮುಟ್ಟಿದ ಕೈಯಲ್ಲಿ ಬೇರೆಯದನ್ನು ಮುಟ್ಟಬೇಡಿ ಎಂದಿದ್ದೆ. ಆದರೆ ಮೂರು ಚಳಿಗಾಲ ದಿನಾ ಮುಖ ಕಿವುಚಿ ಹೇಳಿದ್ದಕ್ಕೆ ಇದೇ ಅರ್ಥ ಬಂದಿದ್ದರೆ ಅವರನ್ನೊಬ್ಬರನ್ನೇ ಏನೆನ್ನಲಿ? ನಮ್ಮದು ಸ್ವಚ್ಛ, ಮಂದಿಯದು ಹೊಲಸು. ಅವರಿಗೂ ಹಾಗೇ, ನನಗೂ ಹಾಗೇ. ನಮ್ಮದೇ ಹೇಲನ್ನು ನಮ್ಮದೇ ಪೈಪಿನಿಂದ ತೊಳೆದು, ಅದೇ ಪೈಪಿನಿಂದ ಟ್ಯಾಂಕ್ ತುಂಬಿ, ಆ ನೀರಿನಲ್ಲಿ ನಾನು ಅಕ್ಕಿ ತೊಳೆದಿದ್ದೆ, ಹಿಟ್ಟು ನಾದಿದ್ದೆ, ಹಲ್ಲುಜ್ಜಿದ್ದೆ. ಮಗಳಿಗೂ ಕುಡಿಸಿದ್ದೆ.

"ಅದರಲೆ ಟ್ಯಾಂಕ್ ತುಂಬ್ತೀರಲ್ಲ," ಅಂದೆ.

ಅವರ ಕೈ ನಿಂತಿತು. ಪೈಪಿನ ತುದಿಯನ್ನು ಹೊರಗೆ ತೆಗೆದು ನೋಡಿದರು. ಒಂದೊಂದೇ ವರ್ಷ ಹಿಂದಕ್ಕೆ ಎಣಿಸುತ್ತಿರುವುದು ಮುಖದಲ್ಲೇ ನನಗೆ ಕಂಡಿತು.

"ತುಂಬೂದಕ್ಕ ಮೊದಲ ತುದಿ ತೊಳೀತಿದ್ದೆ," ಅಂದರು. ನಲ್ಲಿ ನಿಲ್ಲಿಸಿ, "ಏನೂ ಆಗಿಲ್ಲಲ್ಲ," ಅಂದರು.

"ಆಗೇತಿ. ವರ್ಷಾ ಹೊಟ್ಟಿ ಕೆಟ್ಟೈತಿ."

ಹಿಂದಿರುಗಿ ಬಂದು ಟ್ಯಾಂಕಿನ ಅಡಿಯ ಬಿರಡೆ ತೆಗೆದೆ. ನೀರು ಸುರಿಯುತ್ತಲೇ ಇತ್ತು. ಕೆಂಪು ಮಣ್ಣು ಕುಡಿದಷ್ಟು ಕುಡಿದು, ಉಳಿದದ್ದನ್ನು ನನ್ನ ಚಪ್ಪಲಿಯ ಕಡೆ ಹರಿಸಿತು. ನೋಡಲು ತಿಳಿಯಾಗಿಯೇ ಇತ್ತು. ಆ ತಿಳಿ ಕಂಡೇ ಹೆಚ್ಚು ಹೇಸಿಗೆಯಾಯಿತು. ನಾನೂ ಆ ದಿನ ಬೇಲಿಯ ಹತ್ತಿರ ಹೋಗಬೇಕಾಯಿತು, ಮೊದಲ ವರ್ಷ ಅವರು ಹೋದ ಜಾಗಕ್ಕೇ. ಅವರು ಹಿಂದೆ ಬಂದು ನಿಂತರು. ಬೆನ್ನು ಸವರಲು ಕೈ ಎತ್ತಿ, ಕೈ ನೋಡಿಕೊಂಡು ಇಳಿಸಿದರು.

"ಹೊಸಾ ಪೈಪ್ ತರೋಣು. ಎರಡೂ ಹೊಸಾವು," ಅಂದರು.

"ತರ್ರಿ. ವರ್ಷಕ್ಕ ಎರಡು ವಾರ ಬರೋಣು ಅಂದ್ರ ಬರ್ತೀನಿ. ಮನಿ ಮಾರೂದು ಬ್ಯಾಡ."

"ಒಂದು ಪೈಪಿನ ಸಲುವಾಗಿ?"

"ಹೌದ್ರಿ. ನನಗ ಹೇಸಿಗಿ ಆಗತೈತಿ. ಮೊದಲ ದಿನದಿಂದ ಆಗಾಕತ್ತೈತಿ. ಹೇಳಿರಲಿಲ್ಲ, ಈಗ ಹೇಳಾಕತ್ತೀನಿ."

ಅವರು ಕೆಂಪು ನೆಲದ ಕಡೆ ಒಮ್ಮೆ ನೋಡಿ ಕುರ್ಚಿ ಮಡಚಿದರು. ಮರಳುವ ದಾರಿಯಲ್ಲಿ ಬ್ರೋಕನ್ ಹಿಲ್‌ನಲ್ಲಿ ಸಿಗ್ನಲ್ ಸಿಕ್ಕಾಗ ಕಾರು ನಿಲ್ಲಿಸಿ, ಇಳಿದು ಬಾಗಿಲ ಹೊರಗೆ ನಿಂತು, ಏಜೆಂಟನಿಗೆ ಬರಬೇಡ ಎಂದು ತಾವೇ ಹೇಳಿದರು. ಒಳಗೆ ಬಂದು ಕಾರು ಹೊರಡಿಸಿದರು. ಸಿಡ್ನಿಯವರೆಗೆ ಅಂಗಡಿಯ ಬಾಟಲಿ ನೀರು ಕುಡಿದೆವು.

ಆ ಶನಿವಾರ ಅವರು ಬೆಳಿಗ್ಗೆಯಿಂದ ಡ್ರೈವ್‌ವೇಯಲ್ಲಿ ಕೂತು ಕ್ಯಾರವಾನಿನ ಟ್ಯಾಂಕಿಗೆ ಔಷಧ ಹಾಕಿ ತೊಳೆಯುತ್ತಿದ್ದರು, ಒಂದು ಸಲ, ಎರಡು ಸಲ, ಮೂರು ಸಲ. ನಾನು ತಗ್ಗಿನ ಕಟ್ಟೆಯ ಮೇಲೆ ಎಂಟು ರೊಟ್ಟಿ ಬಡಿದೆ. ಆಮೇಲೆ ಚಹಾ ಮಾಡಿ ಹೊರಗೆ ಒಯ್ದು ಕೊಟ್ಟೆ. ಅವರು ಕಪ್ಪನ್ನು ಬಾಯಿಯವರೆಗೆ ಒಯ್ದು ನಿಲ್ಲಿಸಿದರು. ಒಳಗೆ ಇಣುಕಿದರು.

"ಯಾವ ನೀರಿದು?"

"ಮನೀದ್ರಿ," ಅಂದೆ. "ಕುಡೀರಿ, ಆರತೈತಿ."