ಪೂಜೆಗೆಂದು ಕಿತ್ತ ಪ್ಲಗ್ಗು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳಲ್ಲ. ಅತ್ತಿಗುಪ್ಪೆ ಮೆಟ್ರೋ ಹತ್ತಿರದ ನನ್ನ ಡಿಟಿಪಿ ಅಂಗಡಿಗೆ ಬಂದು, "ಈ ಕಂಪ್ಯೂಟರ್ ಇನ್ನೂ ಇಟ್ಕೊಂಡಿದೀರಾ ಸಾರ್?" ಎಂದು ಕೇಳಿದ ಎಷ್ಟೋ ಜನರಿಗೆ ನಾನು ಬಾಗಿಲು ತೋರಿಸಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ, ಎಲ್ಲವನ್ನೂ ಮಾಡಿದ್ದು ಆ ಹಳೆಯ ಯಂತ್ರದಲ್ಲೇ, ಒಂದು ಹಳೆಯ ಕನ್ನಡ ಸಾಫ್ಟ್‌ವೇರ್‌ನಲ್ಲೇ. ಆ ಸಾಫ್ಟ್‌ವೇರ್‌ಗೆ ಒಂದು ಬೀಗವಿದೆ. ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ತುಂಡು. ಪ್ರಿಂಟರಿನ ವೈರು ಹಾಕುವ ಹಳೇ ಕಾಲದ ಕಿಂಡಿಗೆ ಅದನ್ನು ಸಿಕ್ಕಿಸಿರಬೇಕು. ಇಲ್ಲದಿದ್ದರೆ ಅದರಲ್ಲಿ ಮಾಡಿದ ಒಂದು ಪುಟವೂ ತೆರೆಯುವುದಿಲ್ಲ. ಅಂಥ ಕಿಂಡಿ ಈಗಿನ ಕಂಪ್ಯೂಟರುಗಳಲ್ಲಿ ಬರುವುದೇ ಇಲ್ಲ.

ಬಸವೇಶ್ವರನಗರದ ನಿವೃತ್ತ ಟೀಚರೊಬ್ಬರು ಕೆಂಗೇರಿ ಸುತ್ತಿನ ಹಳೇ ಊರುಗಳ ಹೆಂಗಸರಿಂದ ಮದುವೆಮನೆಯ ಸೋಬಾನೆ ಪದಗಳನ್ನು ಬರೆದುಕೊಂಡು ಬರುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಆಮೇಲೊಂದು ಮಳೆಗೆ ಅವರ ಮನೆಗೆ ಚರಂಡಿ ನೀರು ನುಗ್ಗಿ, ಅವರ ನೋಟ್‌ಬುಕ್ಕುಗಳೂ ನಾನು ಕೊಟ್ಟಿದ್ದ ಪ್ರೂಫ್ ಹಾಳೆಗಳೂ ಮುದ್ದೆಯಾದವು. "ನಿಮ್ ಕಂಪ್ಯೂಟರ್‌ನಲ್ಲಿ ಇದೆಯಲ್ಲ, ಬಿಡಿ" ಎಂದು ಅವರು ನಕ್ಕಿದ್ದರು. ಪದ ಹೇಳಿಕೊಟ್ಟ ಹೆಂಗಸರ ಪೈಕಿ ಆಗ ಉಳಿದಿದ್ದವರು ಕೆಂಗೇರಿಯ ಒಬ್ಬ ಅಜ್ಜಿ ಮಾತ್ರ. ಅವರ ಮೊಮ್ಮಗಳ ಮದುವೆ ದಸರಾ ಮುಗಿದ ಮೇಲಿನ ಭಾನುವಾರಕ್ಕಿತ್ತು. ಹುಡುಗಿಯರು ನೋಡಿಕೊಂಡು ಹಾಡುವಂತೆ ಪದಗಳನ್ನು ಅಚ್ಚು ಹಾಕಿಸಿ ತರುತ್ತೇನೆಂದು ಟೀಚರು ಅಜ್ಜಿಗೆ ಮಾತು ಕೊಟ್ಟಿದ್ದರು.

ಆ ವರ್ಷದ ಆಯುಧಪೂಜೆಗೆ ನನಗೆ ಭಕ್ತಿ ಸ್ವಲ್ಪ ಹೆಚ್ಚಾಯಿತು. ಪ್ರತಿ ವರ್ಷ ಮಾನಿಟರಿಗೆ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಡ್ಲೆಪುರಿ ಹಂಚಿ ಮುಗಿಸುತ್ತಿದ್ದವನು ಆ ಸಲ ಕಂಪ್ಯೂಟರಿನ ಡಬ್ಬದ ಪಕ್ಕದ ತಗಡು ಬಿಚ್ಚಿ ಒಳಗನ್ನೂ ಒರೆಸಿದೆ. ತಗಡಿನ ಒಳಮೈಗೆ ಯಾವುದೋ ಜಿಡ್ಡುಹಿಡಿದ ಚೀಟಿ ಅಂಟಿಕೊಂಡಿತ್ತು. ಅದನ್ನು ಕೆರೆದು ಕಸಕ್ಕೆ ಹಾಕಿದೆ. ಆಯುಧಕ್ಕೂ ವಿಶ್ರಾಂತಿ ಬೇಕೆಂದು, ವರ್ಷಗಟ್ಟಲೆ ಗೋಡೆಯಲ್ಲೇ ಇದ್ದ ಪ್ಲಗ್ಗನ್ನು ಕಿತ್ತು, ಎರಡು ದಿನ ಅಂಗಡಿಗೆ ಬಾಗಿಲು ಹಾಕಿದೆ.

ವಿಜಯದಶಮಿ ಕಳೆದು ಬಂದು ಸ್ವಿಚ್ ಒತ್ತಿದರೆ ಪರದೆ ಪೂರ್ತಿ ನೀಲಿ. ಮೇಲೆ ಬಿಳಿ ಅಕ್ಷರದಲ್ಲಿ ಏನೇನೋ ಇಂಗ್ಲಿಷು. ಇಪ್ಪತ್ತು ಸಲ ಆರಿಸಿ ಹಾಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನೊಂದು ಸಲ ಊದುಬತ್ತಿಯನ್ನೂ ಹಚ್ಚಿದೆ. ನಾಗರಬಾವಿಯಿಂದ ಬಂದ ಟೆಕ್ನಿಷಿಯನ್ ಹತ್ತು ನಿಮಿಷ ನೋಡಿ, "ಮ್ಯೂಸಿಯಮ್‌ಗೆ ಕೊಡಿ ಸಾರ್ ಇದನ್ನ. ಬೇಕಾದ್ರೆ ಫೈಲ್ಸ್ ತೆಗೆದುಕೊಡ್ತೀನಿ" ಎಂದ. ಫೈಲು ತೆಗೆದುಕೊಂಡು ಏನು ಮಾಡಲಿ? ಬೀಗ ಇಲ್ಲಿ, ಅದರ ಕಿಂಡಿಯೂ ಇಲ್ಲಿ. ಅವನನ್ನು ಬೈದು ಕಳಿಸಿದೆ. ಅಷ್ಟರಲ್ಲಿ ಟೀಚರ ಫೋನ್ ಬಂತು. "ಪ್ರಿಂಟ್ ಹಾಕ್ತಾ ಇದೀನಿ ಮೇಡಂ" ಎಂದು ಸುಳ್ಳು ಹೇಳಿದೆ. ಅಂದು ಗುರುವಾರ.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಚೀಟಿಯ ಮೇಲಿನ ಅಕ್ಷರ ನೆನಪಾಗಿ, ಎದ್ದು ಹೋಗಿ ಕಸದ ಬುಟ್ಟಿ ನೋಡಿದೆ; ಅದು ಖಾಲಿಯಾಗಿತ್ತು. ಅದು ಈ ಯಂತ್ರವನ್ನು ಜೋಡಿಸಿಕೊಟ್ಟ ಮೆಕ್ಯಾನಿಕ್ಕಿನ ಕೈಬರಹ. ತಾನು ಮಾಡಿದ ಪ್ರತಿ ಕಂಪ್ಯೂಟರಿನ ಹೊಟ್ಟೆಯೊಳಗೂ ಅದರ ಸೆಟ್ಟಿಂಗುಗಳನ್ನು ಬರೆದು ಅಂಟಿಸುವುದು ಅವರ ಪದ್ಧತಿ. ಕೆಟ್ಟ ಮೇಲೆ ಬುದ್ಧಿ ಬಂತು. ತೊಂದರೆ ಏನೆಂದರೆ, ಎಷ್ಟೋ ವರ್ಷದ ಹಿಂದೆ ಒಂದು ರಿಪೇರಿ ತಡವಾಯಿತೆಂದು ಗಿರಾಕಿಗಳ ಮುಂದೆಯೇ ಅವರಿಗೆ "ಕೆಲ್ಸ ಬರಲ್ಲ ಅಂದ್ರೆ ಒಪ್ಕೋಬಾರ್ದು" ಎಂದು ಕೂಗಾಡಿದ್ದೆ. ಆಮೇಲೆ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

ಬಿನ್ನಿಪೇಟೆಯಲ್ಲಿ ಅವರೀಗ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾರೆಂದು ಕೇಳಿದ್ದೆ. ಆಟೋ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಂಗಡಿ ಮುಂದೆ ನಿಂತು ನಾನು ಬಾಯಿ ತೆರೆಯುವ ಮುಂಚೆ ಅವರೇ ಸ್ಟೂಲು ಎಳೆದು ಕೊಟ್ಟು, "ಬನ್ನಿ ಸಾರ್, ಯಂತ್ರ ಹೇಗಿದೆ?" ಎಂದರು. ಹೇಳಿದೆ.

"ಪ್ಲಗ್ ಏನಾದ್ರೂ ಕಿತ್ತಿದ್ರಾ?"

"ಪೂಜೆಗೆ ಅಂತ ಕಿತ್ತೆ."

ಅವರು ನಗು ತಡೆದುಕೊಂಡರು. "ಒಳಗೆ ನಾಣ್ಯದ ಥರ ಒಂದು ಬ್ಯಾಟರಿ ಇರುತ್ತೆ. ಸೆಟ್ಟಿಂಗ್ ಎಲ್ಲಾ ನೆನಪಿಟ್ಕೊಳ್ಳೋದು ಅದರಿಂದ. ನಿಮ್ದು ಯಾವಾಗ್ಲೋ ಸತ್ತಿದೆ. ಗೋಡೆಯಿಂದ ಕರೆಂಟ್ ಬರ್ತಾ ಇತ್ತು, ಅದು ಹೋದ್ರೆ ಇನ್ವರ್ಟರ್ ಇತ್ತು, ನಡೀತಾ ಇತ್ತು. ಈಗ ಎಲ್ಲಾ ಮರ್ತಿದೆ, ಅಷ್ಟೇ. ಕೆಟ್ಟಿಲ್ಲ ಸಾರ್, ಹೆದರ್ಬೇಡಿ." ಆ ಕೊನೆಯ ಮಾತಿಗೆ ನನ್ನ ಕಣ್ಣು ತುಂಬಿತು.

ಶುಕ್ರವಾರ ಬೆಳಿಗ್ಗೆ ಹೊಸ ಬ್ಯಾಟರಿ ತಂದು ಹಾಕಿದರು. ಆಮೇಲೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. "ನೀವೇ ಮಾಡಿ ಸಾರ್. ನಾನು ಮಾಡಿದ್ರೆ ಮತ್ತೆ ನನ್ನನ್ನೇ ಹುಡುಕ್ಬೇಕು." ಸ್ವಿಚ್ ಹಾಕಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಲು ಹೇಳಿದರು. ನಾನು ಎಂದೂ ಕಾಲಿಡದ ಪುಟವೊಂದು ಬಂತು. ಮೊದಲು ತಾರೀಕು ಸರಿಮಾಡಿಸಿದರು. ಆಮೇಲೆ ಡಿಸ್ಕಿನ ಸಾಲಿಗೆ ಇಳಿಸಿ, ಡಿಸ್ಕ್ ಓದುವ ಬಗೆ ಹೊಸ ರೀತಿ ಎಂದಿದ್ದುದನ್ನು ಹಳೆಯ ರೀತಿಗೆ ಬದಲಿಸಲು ಹೇಳಿದರು. ಉಳಿಸಿ ಹೊರಬಂದೆ. ನೀಲಿ ಪರದೆ ಬರಲಿಲ್ಲ. ಹಳೆಯ ಡೆಸ್ಕ್‌ಟಾಪ್ ಬಂತು.

ಆದರೆ ಸಾಫ್ಟ್‌ವೇರ್ ತೆರೆದರೆ, ಬೀಗ ಕಾಣುತ್ತಿಲ್ಲ ಎಂದಿತು. ಬೀಗ ಕಿಂಡಿಯಲ್ಲೇ ಇತ್ತು. ಮೆಕ್ಯಾನಿಕ್ಕಿನ ಮುಖ ನೋಡಿದೆ. "ಪ್ರಿಂಟರ್ ಕಿಂಡಿದೂ ಒಂದು ಸೆಟ್ಟಿಂಗ್ ಇದೆ. ಇದ್ದ ನಾಲ್ಕರಲ್ಲಿ ಯಾವುದು ಹಾಕಿದ್ದೆ ಅಂತ ನಂಗೂ ನೆನಪಿಲ್ಲ" ಎಂದರು. ಆ ಚೀಟಿಯಲ್ಲಿ ಇದ್ದದ್ದು ಅದೇ. ಒಂದೊಂದಾಗಿ ಬದಲಿಸುತ್ತಾ, ಪ್ರತಿ ಸಲ ಆರಿಸಿ ಹಾಕುತ್ತಾ ಹೋದೆವು. ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಮೂರನೆಯದಕ್ಕೆ ತೆರೆಯಿತು. ಸೋಬಾನೆ ಪದದ ಮೊದಲ ಪುಟ, ಅಚ್ಚ ಕನ್ನಡದಲ್ಲಿ.

"ಅವತ್ತು ನಾನು ನಿಮ್ಗೆ ಹಾಗೆ ಅನ್ಬಾರ್ದಿತ್ತು" ಎಂದೆ.

"ಯಾವತ್ತು ಸಾರ್?" ಎಂದರು, ತಗಡಿಗೆ ಸ್ಕ್ರೂ ಹಾಕುತ್ತಾ. ನಿಜಕ್ಕೂ ಮರೆತಿದ್ದರೋ, ಹೊಟ್ಟೆಗೆ ಹಾಕಿಕೊಂಡಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾವುದಾದರೂ ಅದು ಅವರ ದೊಡ್ಡತನವೇ. ಹೋಗುವ ಮುಂಚೆ ಸೆಟ್ಟಿಂಗುಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸಿದರು.

ಭಾನುವಾರ ಟೀಚರ ಜೊತೆ ನಾನೂ ಕೆಂಗೇರಿಗೆ ಹೋದೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಹುಡುಗಿಯರು ಹಾಳೆ ನೋಡಿಕೊಂಡು ಹಾಡಿದರು. ಗಂಡನ ಮನೆಗೆ ಹೊರಟ ಹೆಣ್ಣಿಗೆ, ಕೆರೆ ಏರಿಯ ಹೊಂಗೆಮರಕ್ಕೂ ಹೋಗಿಬರುತ್ತೇನೆಂದು ಹೇಳಿ ಹೋಗು ಎನ್ನುವ ಒಂದು ಸಾಲು ಅದರಲ್ಲಿತ್ತು. ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಕೈ ಎತ್ತಿ ಹಾಡು ನಿಲ್ಲಿಸಿದರು. ತಪ್ಪು ಟೈಪ್ ಮಾಡಿದೆನೇನೋ ಎಂದು ನಾನು ಹೆದರಿದೆ.

"ಇದು ನಂಗೇ ಮರ್ತೋಗಿತ್ತು ಕಣ್ರವ್ವ" ಎಂದರು ಅಜ್ಜಿ. "ಇನ್ನೊಂದ್ಸಲ ಹೇಳಿ."

ಹುಡುಗಿಯರು ಮತ್ತೆ ಹಾಡಿದರು. ಅಜ್ಜಿ ಕಣ್ಣು ಮುಚ್ಚಿ ಕೇಳಿ, ಅವರು ನಿಲ್ಲಿಸಿದ ಕಡೆಯಿಂದ ತಾವೇ ಮುಂದಕ್ಕೆ ಹಾಡಿದರು, ಹಾಳೆಯಲ್ಲಿ ಇಲ್ಲದ ಎರಡು ಸಾಲು. ಟೀಚರು ಪೆನ್ನಿಗಾಗಿ ಚೀಲ ತಡಕಾಡಿದರು. ನಾನು ಜೇಬಿನ ಪೆನ್ನು ತೆಗೆದು, ಅಕ್ಷತೆ ಹಿಡಿದ ಕೈಯಲ್ಲೇ ಹಾಡಿನ ಹಾಳೆಯ ಹಿಂದೆ ಬರೆದುಕೊಂಡೆ. ಸೋಮವಾರ ಅಂಗಡಿ ತೆಗೆದು ಮೊದಲು ಆ ಎರಡು ಸಾಲನ್ನು ಟೈಪ್ ಮಾಡಿದೆ.