ಅಳಿಯನಿಗೆಂದು ಕುದಿಸಿದ ಕಷಾಯ

ಅಪ್ಪನಿಗೆ ಸ್ಟೆಂಟ್ ಹಾಕಿದ ಮರುದಿನದಿಂದ ನಾನು ಅವನ ಬಿ.ಪಿ. ಬರೆದಿಡುತ್ತ ಬಂದಿದ್ದೇನೆ. ಅಪ್ಪ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚು ಕಟ್ಟುವವನು. ಅವನಿಗೆ ಹೃದಯಾಘಾತವಾದಾಗ ನಾನು ಪಿ.ಯು.ಸಿ.ಯಲ್ಲಿದ್ದೆ. ಇನ್ನೂರು ಪುಟದ ವಹಿಯಲ್ಲಿ ದಿನಕ್ಕೊಂದು ಸಾಲು: ತಾರೀಕು, ಬೆಳಗಿನ ಬಿ.ಪಿ., ನಾಡಿ, ನುಂಗಿದ ಗುಳಿಗೆ, ನಡೆದ ನಿಮಿಷ. ಗುಳಿಗೆ ದಿನಕ್ಕೆ ಐದು, ಆದ್ದರಿಂದ ಐದು ಗೀಟು. ನಾಲ್ಕೇ ಗೀಟು ಬಿದ್ದ ದಿನಗಳು ಮೊದಲ ವರ್ಷ ಒಂಬತ್ತು, ಎರಡನೆಯ ವರ್ಷ ಎರಡು.

ಲಾಕ್‌ಡೌನ್ ಬಂದ ವರ್ಷ ಯುಗಾದಿಗೆಂದು ನಾವು ಮೂವರೂ ಖಾನಾಪುರಕ್ಕೆ, ಅವ್ವನ ತವರುಮನೆಗೆ, ಎರಡು ದಿನದ ಮಟ್ಟಿಗೆ ಹೋಗಿದ್ದೆವು. ಬಸ್ಸುಗಳು ನಿಂತವು, ಫೌಂಡ್ರಿ ಮುಚ್ಚಿತು, ನಾವು ಅಲ್ಲೇ ಉಳಿದೆವು. ನನ್ನ ಚೀಲದಿಂದ ಬಿ.ಪಿ. ನೋಡುವ ಯಂತ್ರ ಹೊರಬಂದಾಗ ಅವ್ವ ತನ್ನ ತಾಯಿಯ ಮುಂದೆ ದೂರಿದಳು: "ಉಟ್ಟಿದ್ದು ಬಿಟ್ರ ಒಂದ ಸೀರಿ ತಂದೀನಿ ನಾ. ಇಕಿ ನೋಡು, ಮಿಷನ್ ಹೊತಗೊಂಡ ಬಂದಾಳ. ಯಾರ ಮನಿಗೆ ಬಂದ್ರೂ ಇಕಿಗೆ ದವಾಖಾನಿನ!"

ಅವ್ವನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಆಯಿ ಯಂತ್ರವನ್ನು ತಿರುಗಿಸಿ ನೋಡಿ, "ಇರ್ಲಿ ಬಿಡ, ಅಳಿಯಾರ ಜೀವಕ್ಕ ಕಾವಲ ಅದು" ಎಂದಳು.

ಕಾವಲು ಬೇಕೂ ಇತ್ತು. ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇದ್ದವರಿಗೆ ಕೊರೊನಾ ರೋಗ ಹೆಚ್ಚು ಕಾಡುತ್ತದೆ ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು. ಅಪ್ಪನಿಗೆ ಎರಡೂ ಇದ್ದವು. ಮನೆಯವರೆಲ್ಲ ಸೇರಿ ಕಟ್ಟಳೆ ಮಾಡಿದೆವು. ಅಪ್ಪ ಗೇಟು ದಾಟಬಾರದು. ಸಾಮಾನು, ಅಪ್ಪನ ಗುಳಿಗೆ ತರುವುದು ಸೋದರಮಾವನೇ. ಅವನು ಮೂರು ಗಾಲಿಯ ಟಂಟಂನಲ್ಲಿ ಕಾಯಿಪಲ್ಯೆ ಸಾಗಿಸುತ್ತಿದ್ದ, ಹಾಗಾಗಿ ಅವನ ಬಳಿ ಪಾಸು ಇತ್ತು. ಅವನು ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ. ಅಪ್ಪ ದಿನವೂ ಅಂಗಳದಲ್ಲಿ ಮೂವತ್ತು ನಿಮಿಷ ನಡೆಯಬೇಕು. ಇವಕ್ಕೆಲ್ಲ ಒಂದು ಹೊಸ ಪುಟ ತೆಗೆದು "ರಕ್ಷಣೆ" ಎಂದು ತಲೆಬರಹ ಹಾಕಿದೆ.

ಆ ಪುಟದಲ್ಲಿ ಆಯಿಯ ಕಷಾಯಕ್ಕೂ ಒಂದು ಸಾಲು ಸಿಕ್ಕಿತು. ತುಳಸಿ, ಶುಂಠಿ, ಮೆಣಸು, ಅಮೃತಬಳ್ಳಿ. ನಮಗೆಲ್ಲ ಬೆಲ್ಲ ಹಾಕಿ ಅರ್ಧ ಬಟ್ಟಲು, ದಿನಕ್ಕೊಮ್ಮೆ. ಅಪ್ಪನಿಗೆ ಬೇರೆ ಪಾತ್ರೆ. ಸಕ್ಕರೆ ಕಾಯಿಲೆಯ ಅಳಿಯನಿಗೆ ಬೆಲ್ಲ ಸಲ್ಲದೆಂದು ಆಯಿ ಅದರಲ್ಲಿ ಜೇಷ್ಠಮಧದ, ಅಂದರೆ ಅತಿಮಧುರದ, ಸಿಹಿ ಬೇರನ್ನು ಕುಟ್ಟಿ ಹಾಕುತ್ತಿದ್ದಳು. ಗಂಟಲಿಗೂ ಒಳ್ಳೆಯದು, ಸಿಹಿಯೂ ಆಯಿತು ಎಂದು ಅವಳ ಲೆಕ್ಕ. ತುಂಬಿದ ಹಿತ್ತಾಳೆ ಲೋಟ, ದಿನಕ್ಕೆ ಮೂರು ಬಾರಿ.

ಆ ಮನೆಯಲ್ಲಿ ಅಳಿಯ "ಸಾಕು" ಎಂದರೆ ಇನ್ನಷ್ಟು ಬಡಿಸಬೇಕೆಂದೇ ಅರ್ಥ. ಸಾಕೆಂದಾಗ ನಿಲ್ಲಿಸಿದರೆ ಅಳಿಯನಿಗೆ ಅವಮಾನ. ಬಡಿಸಿದ್ದನ್ನು ಬಿಟ್ಟರೆ ಅತ್ತೆಗೆ ಅವಮಾನ. ಅಪ್ಪ ಪ್ರತಿ ಸಲವೂ ಲೋಟದ ಮೇಲೆ ಅಂಗೈ ಅಡ್ಡ ಹಿಡಿದು "ಸಾಕ್ರಿ ಅತ್ತಿ" ಎನ್ನುತ್ತಿದ್ದ. ಆಯಿ "ಇಷ್ಟಕ್ಕ ಸಾಕಂದ್ರ ಹ್ಯಾಂಗ್ರೀ ಅಳಿಯಾರ" ಎಂದು ಬೆರಳ ಸಂದಿಯಲ್ಲೇ ಸುರಿಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಗೀಟು ಎಳೆಯುತ್ತಿದ್ದೆ. ದಿನಕ್ಕೆ ಮೂರು ಗೀಟು ಬಿದ್ದರೆ ನನಗೆ ಸಮಾಧಾನ.

ಮೊದಲ ವಾರ ಬಿ.ಪಿ. ೧೨೬/೮೦ರ ಆಸುಪಾಸಿನಲ್ಲಿತ್ತು. ಹದಿನಾಲ್ಕನೆಯ ದಿನ ೧೪೨. ಹತ್ತೊಂಬತ್ತನೆಯ ದಿನ ೧೫೪. ಇಪ್ಪತ್ತಮೂರನೆಯ ದಿನ ೧೬೬/೧೦೦. ಯಂತ್ರ ಕೆಟ್ಟಿರಬೇಕೆಂದು ನನ್ನ ತೋಳಿಗೇ ಕಟ್ಟಿ ನೋಡಿದೆ. ೧೧೦/೭೦ ತೋರಿಸಿತು. ಹಾಗಾದರೆ ಗುಳಿಗೆಯ ವಿಷಯದಲ್ಲಿ ಅಪ್ಪನದೇ ಕಳ್ಳಾಟ ಎಂದುಕೊಂಡು ಪಟ್ಟಿಗಳನ್ನು ಹರವಿ ಎಣಿಸಿದೆ. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಪ್ಪಾ, ಖರೇ ಹೇಳು. ಗುಳಿಗಿ ನುಂಗತಿಯೋ, ಉಗಳತಿಯೋ?"

"ದಿನಾ ಎದುರಿಗೆ ಕುಂತು ಬಾಯಿ ತೆಗಿಸಿ ನೋಡತಿ. ಇನ್ನ ಹೊಟ್ಟಿ ಕೊಯ್ದು ನೋಡ ಬೇಕಾರ" ಎಂದ ಅಪ್ಪ.

ಉಪ್ಪಿನಕಾಯಿ ನಿಲ್ಲಿಸಿದೆ. ಹಪ್ಪಳ ನಿಲ್ಲಿಸಿದೆ. ಪಲ್ಯೆಗೆ ಉಪ್ಪು ಕಡಿಮೆ ಮಾಡಿಸಿದೆ. ಅಂಕಿ ಇಳಿಯಲಿಲ್ಲ. ಆಯಿ ಮಾತ್ರ ಅಳಿಯ ಸೊರಗಿದ್ದಾನೆಂದು ಕಷಾಯವನ್ನು ಇನ್ನಷ್ಟು ಗಟ್ಟಿಯಾಗಿ ಕುದಿಸತೊಡಗಿದಳು.

ಇಪ್ಪತ್ತೇಳನೆಯ ದಿನ ಬೆಳಿಗ್ಗೆ ಅಪ್ಪ ಅಂಗಳದ ಮೂರು ಮೆಟ್ಟಿಲು ಹತ್ತಲಾಗದೆ ನಡುವೆಯೇ ಕುಳಿತ. "ಕಾಲಾಗ ಶಕ್ತಿನ ಇಲ್ಲ ನೋಡು. ಎದಿನೂ ನಡುನಡುವ ಒಂದ ಬಡಿತ ತಪ್ಪಿಸಿದಂಗ ಆಗತೈತಿ." ನಾಡಿ ಹಿಡಿದೆ. ಅವನು ಹೇಳಿದಂತೆಯೇ ಇತ್ತು. ದವಾಖಾನೆಗೆ ಹೋಗೋಣವೆಂದರೆ ಒಪ್ಪಲಿಲ್ಲ. "ಅಲ್ಲಿ ಹೋದ್ರ ಆ ರೋಗ ಹತ್ತತೈತಿ. ನನ್ನಂಥವರು ಹೊಳ್ಳಿ ಬರೂದಿಲ್ಲ" ಎಂದ. ಅವ್ವನೂ ಅದಕ್ಕೇ ಹೆದರಿದ್ದಳು. ನಾನೂ.

ಬೆಳಗಾವಿಯಲ್ಲಿ ಅಪ್ಪನನ್ನು ನೋಡುವ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎತ್ತಿದರು. ಆ ದಿನಗಳಲ್ಲಿ ಒಬ್ಬ ಡಾಕ್ಟರು ಫೋನ್ ಎತ್ತಿ, ಅವಸರ ಮಾಡದೆ ಮಾತು ಕೇಳಿಸಿಕೊಂಡದ್ದನ್ನು ನಾನು ಇಂದಿಗೂ ನೆನೆಯುತ್ತೇನೆ. ವಹಿ ತೆರೆದು ಎಲ್ಲ ಅಂಕಿ ಓದಿದೆ. ಗುಳಿಗೆಯ ಗೀಟು ಓದಿದೆ. ಉಪ್ಪು ಬಿಟ್ಟದ್ದು ಹೇಳಿದೆ.

"ತಿನ್ನೂದು ಆತವಾ. ಕುಡಿಯೂದು ಏನೇನು?"

"ಬರೀ ನೀರು, ಮಜ್ಜಿಗಿ ಸರ್. ಮತ್ತ ಕಷಾಯ. ದಿನಕ್ಕ ಮೂರು ಲೋಟ, ಒಂದ ದಿನಾನೂ ತಪ್ಪಿಸಿಲ್ಲರಿ." ಹೆಮ್ಮೆಯಿಂದಲೇ ಹೇಳಿದೆ.

"ಅದರಾಗ ಏನೇನ ಹಾಕತೀರಿ?"

ಹೇಳುತ್ತ ಹೋದೆ. ಜೇಷ್ಠಮಧ ಎಂದಾಗ ಅವರು ತಡೆದರು.

"ಎಷ್ಟು?"

ಆಯಿಯನ್ನು ಕೇಳಿದೆ. ಅವಳು ಮುಷ್ಟಿ ಬಿಗಿದು ತೋರಿಸಿದಳು.

"ಇವತ್ತ ಬಂದ್ ಮಾಡ್ರಿ" ಎಂದರು ಡಾಕ್ಟರು. ಆ ಬೇರು ಒಂದು ಚೂರು ಜಗಿದರೆ ಏನಿಲ್ಲವಂತೆ. ಇಷ್ಟು ಪ್ರಮಾಣದಲ್ಲಿ ವಾರಗಟ್ಟಲೆ ಕುಡಿದರೆ ಅದು ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಬಿ.ಪಿ. ಏರಿಸುತ್ತದೆ, ಪೊಟ್ಯಾಶಿಯಂ ಅನ್ನು ಹೊರಹಾಕುತ್ತದೆ. ಅಪ್ಪನ ಐದು ಗುಳಿಗೆಗಳಲ್ಲಿ ಮೂತ್ರ ಹೆಚ್ಚಿಸುವುದೂ ಒಂದಿತ್ತು. ಅದರಿಂದಲೂ ಪೊಟ್ಯಾಶಿಯಂ ಇಳಿಯುತ್ತದೆ. ತೀರ ಇಳಿದರೆ ಹೃದಯದ ಬಡಿತವೇ ದಾರಿ ತಪ್ಪುತ್ತದೆ.

"ಈಗ ಹೊಂಟು ಬರ್ರಿ."

"ಸರ್, ಅಲ್ಲಿ ಬಂದ್ರ ಆ ರೋಗ..."

"ಮಾಸ್ಕ್ ಹಾಕ್ಕೊಂಡ ಬರ್ರಿ, ಇವರನ್ನ ಬ್ಯಾರೆ ಕಡೆ ಇಡತೀವಿ. ಆ ರೋಗಕ್ಕ ಅಂಜಿ ಎದಿ ರೋಗದವರು ಮನ್ಯಾಗ ಕುಂತ್ರ ಹ್ಯಾಂಗವಾ?"

ಮಾವ ಟೊಮ್ಯಾಟೊ ಬುಟ್ಟಿಗಳನ್ನು ಅಂಗಳದಲ್ಲೇ ಇಳಿಸಿ ಟಂಟಂ ತಿರುಗಿಸಿದ. ದಾರಿಯಲ್ಲಿ ಪೊಲೀಸರು ತಡೆದಾಗ ನಾನು ವಹಿಯಲ್ಲಿ ಬಿ.ಪಿ.ಯ ಪುಟ ತೆರೆದು ಹಿಡಿದೆ. ಒಬ್ಬ ಪೇದೆ ಅಂಕಿಗಳನ್ನು ನೋಡಿ, ಅಪ್ಪನ ಮುಖ ನೋಡಿ, ಏನೂ ಕೇಳದೆ ತಾನೇ ಬ್ಯಾರಿಕೇಡ್ ಸರಿಸಿದ. ಅವನ ಮುಖ ನನಗೆ ಗೊತ್ತಿಲ್ಲ. ಮಾಸ್ಕಿನ ಮೇಲಿನ ಕಣ್ಣು ಮಾತ್ರ ನೆನಪಿದೆ.

ಇ.ಸಿ.ಜಿ.ಯಲ್ಲಿ ಬಡಿತ ತಪ್ಪುವುದು ಕಂಡಿತು. ಪೊಟ್ಯಾಶಿಯಂ ಬಹಳ ಇಳಿದಿತ್ತು. ಸಲೈನಿನಲ್ಲಿ ಅದನ್ನು ನಿಧಾನವಾಗಿ ಏರಿಸಿದರು. ಮೂರನೆಯ ದಿನ ಬಿಡುವಾಗ ಡಾಕ್ಟರು, ಇನ್ನೂ ಎರಡು ದಿನ ತಡೆದಿದ್ದರೆ ಏನಾಗುತ್ತಿತ್ತೆಂದು ಹೇಳಲಾಗದು ಎಂದರು. ಬಿ.ಪಿ. ತಿಂಗಳೊಳಗೆ ತಾನೇ ಇಳಿಯುತ್ತದೆ, ಗುಳಿಗೆ ಬಿಡಬೇಡಿ, ಬರೆಯುವುದನ್ನೂ ಬಿಡಬೇಡಿ ಎಂದರು. ನಾನು ತಲೆ ತಗ್ಗಿಸಿದೆ. ಬರೆದದ್ದೆಲ್ಲ ನಾನೇ, ಆದರೆ ಕಷಾಯದ ಗೀಟನ್ನೂ ಬಿ.ಪಿ.ಯ ಅಂಕಿಯನ್ನೂ ಬೇರೆ ಬೇರೆ ಪುಟದಲ್ಲಿಟ್ಟು, ಒಮ್ಮೆಯೂ ಜೊತೆಗಿಟ್ಟು ನೋಡಿರಲಿಲ್ಲ.

ಬೆಳಗಾವಿಯಲ್ಲಿ ರೋಗ ಹೆಚ್ಚಿತ್ತೆಂದು ಖಾನಾಪುರಕ್ಕೇ ಮರಳಿದೆವು. ಆಯಿ ಎದುರಿಗೆ ಬರಲಿಲ್ಲ. ಅವ್ವ ದವಾಖಾನೆಯಿಂದಲೇ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಳು. ಅಪ್ಪನ ಊಟದ ತಾಟನ್ನು ಅಂದು ಅವ್ವನೇ ತಂದಿಟ್ಟಳು. ಮರುದಿನವೂ ಹಾಗೆಯೇ. ನಾನು ಒಳಗೆ ಹೋದರೆ ಆಯಿ ಒಲೆಯ ಮುಂದೆ ಕುಳಿತಿದ್ದಳು. "ಕೈಯಾರೆ ಕುಡಿಸಿನಲ್ಲವಾ. ಬ್ಯಾಡ ಬ್ಯಾಡ ಅಂದ್ರೂ ಕುಡಿಸಿನಿ" ಎಂದಳು. ನಾನೂ ಎಣಿಸುತ್ತ ಪಕ್ಕದಲ್ಲೇ ಇದ್ದೆ ಎಂದೆ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಪ್ಪ ಎದ್ದು ನೇರವಾಗಿ ಅಡುಗೆಮನೆಗೆ ಹೋದ. ಮದುವೆಯಾದ ಇಪ್ಪತ್ತಮೂರು ವರ್ಷದಲ್ಲಿ ಅವನು ಅತ್ತೆಯ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಆಯಿ ಗಡಬಡಿಸಿ ಸೆರಗು ಹೊದ್ದು ಎದ್ದಳು. ಅಪ್ಪ ನೆಲದ ಮೇಲೆ ಕುಳಿತ.

"ಅತ್ತಿ, ಹಸದೀನಿ. ಮಜ್ಜಿಗಿ ಕೊಡ್ರಿ. ಉಪ್ಪ ಬ್ಯಾಡ. ಅರ್ಧಾ ಲೋಟ ಸಾಕು. ಸಾಕಂದ್ರ ಖರೇನ ಸಾಕ್ರಿ."

ಆಯಿ ಮಜ್ಜಿಗೆ ತಂದು ಸುರಿಯತೊಡಗಿದಳು. ಲೋಟದ ಅರ್ಧಕ್ಕೆ ಬಂದಾಗ ಅವಳ ಕೈ ಒಂದು ಗಳಿಗೆ ತಡವರಿಸಿ, ನಿಂತಿತು.